ಗ್ಯಾಸ್ ಕಂಪನಿ ಕೈ ಬದಲಾದರೆ ಹಳೇ ಮಾತನ್ನು ಯಾರು ಉಳಿಸಬೇಕು?

ಮೈಸೂರು, ಮಂಡ್ಯದ ನೆಲದಡಿ ತೈಲ ಇಲ್ಲ. ನಮ್ಮ ಕೆಳಗಿರುವುದು ಬಹಳ ಹಳೆಯ ಗಟ್ಟಿ ಬಂಡೆ. ಅಂಥ ಕಡೆ ಯಾರೂ ತೈಲ ಬಾವಿ ಕೊರೆಯುವುದಿಲ್ಲ. ಆದರೆ ಕೆಲವು ವರ್ಷಗಳಿಂದ ಇದೇ ನೆಲದಡಿ ಗ್ಯಾಸ್ ಪೈಪ್ ಹಾಕುತ್ತಿದ್ದಾರೆ. ಮೈಸೂರು, ಮಂಡ್ಯ, ಚಾಮರಾಜನಗರ ಮೂರೂ ಜಿಲ್ಲೆ ಸೇರಿಸಿ ಒಂದೇ ಪ್ರದೇಶ ಅಂತ ಮಾಡಿ, ಮನೆಗಳಿಗೆ ಪೈಪ್ ಗ್ಯಾಸ್ ಕೊಡುವ, ಗಾಡಿಗಳಿಗೆ ಸಿಎನ್‌ಜಿ ತುಂಬುವ ಹಕ್ಕನ್ನು ಹರಾಜಿನ ಮೂಲಕ ಒಂದೇ ಕಂಪನಿಗೆ ಕೊಡಲಾಗಿದೆ. ಆ ಹಕ್ಕು ಸಿಕ್ಕಿದ್ದು ಎಜಿ ಆಂಡ್ ಪಿ ಬಳಗಕ್ಕೆ. ಎಜಿ ಆಂಡ್ ಪಿ ಪ್ರಥಮ್ ಅನ್ನುವ ಬೋರ್ಡನ್ನು ಸಿಎನ್‌ಜಿ ಬಂಕ್‌ಗಳಲ್ಲಿ ನೋಡಿದ್ದೇವೆ. ಈಗ ಅದು ಥಿಂಕ್ ಗ್ಯಾಸ್ ಜೊತೆ ಸೇರಿಕೊಂಡಿದೆ, ಹೆಸರೂ ಥಿಂಕ್ ಗ್ಯಾಸ್ ಅಂತಲೇ ಆಗಿದೆ.

ಕಂಪನಿಗಳು ಸೇರುವುದರಲ್ಲಿ ತಪ್ಪೇನಿಲ್ಲ. ಬಿಲ್ ಮೇಲಿನ ಹೆಸರು ಬದಲಾದರೂ ಒಲೆ ಹಾಗೇ ಉರಿಯುತ್ತದೆ. ಪ್ರಶ್ನೆ ಇರುವುದು ಬೇರೆ ಕಡೆ. ಲೈಸೆನ್ಸ್ ಕೊಡುವಾಗ ಸರ್ಕಾರ ಕಂಪನಿಯ ಹಣಬಲ, ಅನುಭವ, ಹರಾಜಿನಲ್ಲಿ ಅದು ಕೊಟ್ಟ ಮಾತು ಎಲ್ಲವನ್ನೂ ನೋಡಿ ಕೊಡುತ್ತದೆ. ನಾಳೆ ಆ ಕಂಪನಿಯನ್ನೇ ಇನ್ನೊಬ್ಬರು ಕೊಂಡುಕೊಂಡರೆ ಲೈಸೆನ್ಸ್ ತಾನಾಗಿ ಅವರ ಜೊತೆ ಹೋಗುತ್ತದಾ? ಹೋಗುವುದಾದರೆ ಯಾರ ಒಪ್ಪಿಗೆ ಬೇಕು? ಒಪ್ಪಿಗೆ ಕೇಳುವುದು ಕೊಳ್ಳುವ ಮೊದಲಾ, ಕೊಂಡ ಮೇಲಾ? ತೈಲ ಮತ್ತು ಅನಿಲ ಉದ್ಯಮ ಇರುವ ಎಲ್ಲ ದೇಶಗಳೂ ಈ ಪ್ರಶ್ನೆ ಎದುರಿಸಿವೆ. ಕೆಲವು ದೇಶಗಳು ದೊಡ್ಡ ಪೆಟ್ಟು ತಿಂದ ಮೇಲೆ ಉತ್ತರ ಕಂಡುಕೊಂಡಿವೆ.

ಮಂಡ್ಯದ ಕಬ್ಬು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಕ್ಕರೆ ಕಾರ್ಖಾನೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗ ರೈತ ಹೊಸ ಯಜಮಾನನ ಹೆಸರು ಕೇಳುವ ಮೊದಲೇ ಕೇಳುವುದು ಒಂದೇ: ಹಳೇ ಬಾಕಿ ಯಾರು ಕೊಡ್ತಾರೆ? ತೈಲ ಲೈಸೆನ್ಸಿನ ಇಷ್ಟೆಲ್ಲ ಕಾನೂನಿನ ಹೊಟ್ಟೆಯಲ್ಲಿ ಇರುವುದೂ ಅದೇ ಪ್ರಶ್ನೆ.

ಲೈಸೆನ್ಸ್ ಕೈ ಬದಲಾಗುವುದು ಎರಡು ರೀತಿಯಲ್ಲಿ. ಮೊದಲನೆಯದು ನೇರ ದಾರಿ: ಲೈಸೆನ್ಸನ್ನೋ ಅದರಲ್ಲಿರುವ ಪಾಲನ್ನೋ ಮಾರುವುದು. ಇದಕ್ಕೆ ಹೆಚ್ಚುಕಮ್ಮಿ ಎಲ್ಲ ಕಡೆಯೂ ಸರ್ಕಾರದ ಒಪ್ಪಿಗೆ ಬೇಕು. ನಮ್ಮಲ್ಲಿ 1959ರ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಮಗಳ ಕಾಲದಿಂದಲೂ ಇದು ಹೀಗೇ ಇದೆ. 2011ರಲ್ಲಿ ರಿಲಯನ್ಸ್ ತನ್ನ 23 ಬ್ಲಾಕ್‌ಗಳಲ್ಲಿ (ತೈಲ, ಅನಿಲ ಹುಡುಕಿ ತೆಗೆಯಲು ಸರ್ಕಾರ ಗುರುತಿಸಿ ಕೊಡುವ ಜಾಗಗಳಲ್ಲಿ) ತಲಾ ಶೇ 30ರ ಪಾಲನ್ನು ಬ್ರಿಟನ್ನಿನ ಬಿಪಿ ಕಂಪನಿಗೆ 720 ಕೋಟಿ ಡಾಲರ್‌ಗೆ ಮಾರಲು ಹೊರಟಾಗ ಕೇಂದ್ರ ಸರ್ಕಾರ 21 ಬ್ಲಾಕ್‌ಗಳಿಗೆ ಒಪ್ಪಿಗೆ ಕೊಟ್ಟಿತು. ಆ ವರ್ಷ ಫೆಬ್ರವರಿಯಲ್ಲಿ ಘೋಷಣೆ, ಜುಲೈನಲ್ಲಿ ಒಪ್ಪಿಗೆ. ದೊಡ್ಡ ಗಲಾಟೆ ಏನೂ ಆಗಲಿಲ್ಲ.

ತಲೆನೋವು ಎರಡನೇ ದಾರಿಯದು. ಇಲ್ಲಿ ಲೈಸೆನ್ಸನ್ನು ಯಾರೂ ಮುಟ್ಟುವುದೇ ಇಲ್ಲ. ಲೈಸೆನ್ಸ್ ಇಟ್ಟುಕೊಂಡ ಕಂಪನಿಯ ಷೇರು ಮಾರುತ್ತಾರೆ. ಇಲ್ಲವೇ ಆ ಕಂಪನಿಯನ್ನು ಹಿಡಿತದಲ್ಲಿ ಇಟ್ಟುಕೊಂಡ ಅಮ್ಮ ಕಂಪನಿಯ ಷೇರು, ಅಥವಾ ಅಜ್ಜಿ ಕಂಪನಿಯ ಷೇರು. ವ್ಯವಹಾರ ಸಿಂಗಪುರದಲ್ಲೋ ಲಂಡನ್ನಿನಲ್ಲೋ ಮುಗಿದುಹೋಗುತ್ತದೆ. ಸರ್ಕಾರಿ ಕಡತದಲ್ಲಿ ಲೈಸೆನ್ಸ್‌ದಾರನ ಹೆಸರಿನ ಒಂದಕ್ಷರವೂ ಬದಲಾಗುವುದಿಲ್ಲ. ಆದರೆ ದುಡ್ಡು ಹಾಕಬೇಕೋ ಬೇಡವೋ, ಕೆಲಸ ನಿಲ್ಲಿಸಬೇಕೋ ಮುಂದುವರಿಸಬೇಕೋ ಅಂತ ನಿರ್ಧರಿಸುವವರು ಪೂರ್ತಿ ಬೇರೆಯವರಾಗಿರುತ್ತಾರೆ. ಮುಂಬೈ ಕಡಲಿನ ಪನ್ನಾ-ಮುಕ್ತಾ ತೈಲಕ್ಷೇತ್ರದಲ್ಲಿ ಸರ್ಕಾರಿ ಕಂಪನಿ ಓಎನ್‌ಜಿಸಿ ಶೇ 40, ರಿಲಯನ್ಸ್ ಶೇ 30, ಅಮೆರಿಕದ ಎನ್ರಾನ್ ಶೇ 30 ಪಾಲು ಹೊಂದಿದ್ದವು. ಎನ್ರಾನ್ ದಿವಾಳಿಯಾಯಿತು. 2002ರಲ್ಲಿ ಅದರ ಪಾಲು ಬ್ರಿಟನ್ನಿನ ಬಿಜಿ ಗ್ರೂಪ್‌ಗೆ ಹೋಯಿತು. 2016ರಲ್ಲಿ ಬಿಜಿಯನ್ನೇ ಶೆಲ್ ನುಂಗಿತು. ಒಂದೇ ಕಡಲು, ಅವೇ ಬಾವಿಗಳು. ಶೇ 30ರ ಹಿಂದಿನ ಯಜಮಾನ ಮಾತ್ರ ಬದಲಾಗುತ್ತಾ ಹೋದ.

ಭಾರತದಲ್ಲಿ ಈ ವಿಷಯ ಜೋರಾಗಿ ಬೀದಿಗೆ ಬಂದದ್ದು ಕೇರ್ನ್-ವೇದಾಂತ ವ್ಯವಹಾರದಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಾಜಸ್ಥಾನದ ಬಾಡಮೇರ್ ಮರುಭೂಮಿಯ ಬ್ಲಾಕ್‌ಗೆ 1995ರ ಮೇ ತಿಂಗಳಲ್ಲಿ ಒಪ್ಪಂದ ಆಗಿತ್ತು. ಆಗ ಅದು ಶೆಲ್ ಕೈಯಲ್ಲಿತ್ತು, ಆಮೇಲೆ ಕೇರ್ನ್‌ಗೆ ಬಂತು. 2004ರಲ್ಲಿ ಅಲ್ಲಿ ಮಂಗಲಾ ಅನ್ನುವ ದೊಡ್ಡ ನಿಕ್ಷೇಪ ಸಿಕ್ಕಿತು. 2009ರ ಆಗಸ್ಟ್‌ನಲ್ಲಿ ತೈಲ ಹರಿಯಲು ಶುರುವಾಯಿತು. ಕೇರ್ನ್ ಇಂಡಿಯಾಗೆ ಶೇ 70, ಸರ್ಕಾರಿ ಕಂಪನಿ ಓಎನ್‌ಜಿಸಿಗೆ ಶೇ 30. ಆದರೆ ಹಳೇ ಒಪ್ಪಂದದ ಪ್ರಕಾರ ರಾಯಲ್ಟಿ, ಅಂದರೆ ತೆಗೆದ ತೈಲಕ್ಕೆ ಸರ್ಕಾರಕ್ಕೆ ಕಟ್ಟುವ ದುಡ್ಡು, ಪೂರ್ತಿ ಓಎನ್‌ಜಿಸಿಯೇ ಕಟ್ಟಬೇಕಿತ್ತು. ತೈಲದಲ್ಲಿ ಪಾಲು ಶೇ 30, ರಾಯಲ್ಟಿ ಹೊರೆ ನೂರಕ್ಕೆ ನೂರು. ವಿದೇಶಿ ಕಂಪನಿಗಳು ಬಂದು ತೈಲ ಹುಡುಕಲಿ ಅಂತ ಆ ಕಾಲದಲ್ಲಿ ಇಟ್ಟಿದ್ದ ಆಮಿಷ ಅದು. ಬಾವಿ ಖಾಲಿ ಇರುವ ತನಕ ಯಾರಿಗೂ ಅದು ನೋಯಲಿಲ್ಲ.

2010ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಕೇರ್ನ್ ಎನರ್ಜಿ, ತನ್ನ ಭಾರತದ ಕಂಪನಿ ಕೇರ್ನ್ ಇಂಡಿಯಾದ ಬಹುಪಾಲು ಷೇರನ್ನು ಗಣಿ ಕಂಪನಿ ವೇದಾಂತಕ್ಕೆ ಮಾರುತ್ತೇವೆ ಅಂತ ಘೋಷಿಸಿತು. ಮೊದಮೊದಲು ಕೇರ್ನ್ ಕಡೆಯವರ ವಾದ ಸರಳವಾಗಿತ್ತು: ನಾವು ಬ್ಲಾಕ್ ಮಾರುತ್ತಿಲ್ಲ, ಷೇರು ಮಾರುತ್ತಿದ್ದೇವೆ. ಲೈಸೆನ್ಸ್ ಕೇರ್ನ್ ಇಂಡಿಯಾ ಹೆಸರಿನಲ್ಲೇ ಇರುತ್ತದೆ. ಸರ್ಕಾರದ ಒಪ್ಪಿಗೆ ಯಾಕೆ? ಸರ್ಕಾರ ಇದಕ್ಕೆ ಬಗ್ಗಲಿಲ್ಲ. ಕಂಪನಿಯ ಯಜಮಾನಿಕೆ ಬದಲಾದರೂ ಒಪ್ಪಿಗೆ ಬೇಕೇ ಬೇಕು ಅಂತ ಹಟ ಹಿಡಿಯಿತು. ಕೊನೆಗೆ ಕೇರ್ನ್ ಅರ್ಜಿ ಹಾಕಿತು. ಪ್ರಣಬ್ ಮುಖರ್ಜಿ ಅವರ ನೇತೃತ್ವದ ಸಚಿವರ ಗುಂಪಿನ ಮುಂದೆ ವಿಷಯ ಹೋಯಿತು. 2011ರ ಜೂನ್ 30ರಂದು ಕೇಂದ್ರ ಸಂಪುಟ ಸಮಿತಿ ಒಪ್ಪಿಗೆ ಕೊಟ್ಟಿತು. ಆದರೆ ಷರತ್ತು ಹಾಕಿತು. ರಾಯಲ್ಟಿಯನ್ನು ಯೋಜನೆಯ ಖರ್ಚಿನಲ್ಲಿ ಸೇರಿಸಬೇಕು. ತೈಲ ಮಾರಿದ ದುಡ್ಡಿನಲ್ಲಿ ಮೊದಲು ಖರ್ಚು ಕಳೆದು ಆಮೇಲೆ ಲಾಭ ಹಂಚುವ ಪದ್ಧತಿ ಇದು. ಹಾಗಾಗಿ ರಾಯಲ್ಟಿ ಹೊರೆ ಕೇರ್ನ್ ಮೇಲೂ ಬಿತ್ತು. ತೈಲದ ಮೇಲಿನ ಸೆಸ್ (ಒಂದು ಬಗೆಯ ತೆರಿಗೆ) ವಿಚಾರದಲ್ಲಿ ಕೇರ್ನ್ ಹೂಡಿದ್ದ ವ್ಯಾಜ್ಯ ಹಿಂತೆಗೆಯಬೇಕು ಅನ್ನುವುದು ಇನ್ನೊಂದು ಷರತ್ತು. ಸೆಪ್ಟೆಂಬರ್‌ನಲ್ಲಿ ಕೇರ್ನ್ ಇಂಡಿಯಾದ ಷೇರುದಾರರು ಇವನ್ನು ಒಪ್ಪಿದರು. ಡಿಸೆಂಬರ್‌ನಲ್ಲಿ ಮಾರಾಟ ಮುಗಿಯಿತು. ಘೋಷಣೆಯಿಂದ ಮುಕ್ತಾಯಕ್ಕೆ ಒಂದು ವರ್ಷ ನಾಲ್ಕು ತಿಂಗಳು ಹಿಡಿಯಿತು.

ಒಪ್ಪಿಗೆ ಕೇಳಲೇಬೇಕು ಅಂತ ಸರ್ಕಾರ ನಿಂತದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಅವತ್ತು ಸುಮ್ಮನಿದ್ದಿದ್ದರೆ ಆಮೇಲಿನ ಎಲ್ಲ ಮಾರಾಟಗಳೂ ಷೇರಿನ ಹಿಂಬಾಗಿಲಿನಿಂದಲೇ ನಡೆಯುತ್ತಿದ್ದವು. ಓಎನ್‌ಜಿಸಿಗೂ ನ್ಯಾಯ ಸಿಗಬೇಕಿತ್ತು. ಆದರೆ ಹಳೇ ಒಪ್ಪಂದದ ಓರೆಕೋರೆ ತಿದ್ದಲು ಮಾರಾಟದ ಒಪ್ಪಿಗೆಯನ್ನೇ ಹಿಡಿಕೆ ಮಾಡಿಕೊಂಡದ್ದು ಒಳ್ಳೆಯ ಪದ್ಧತಿ ಅಲ್ಲ. ಒಪ್ಪಿಗೆ ಕೊಡುವ ಹಂತದಲ್ಲಿ ನೋಡಬೇಕಾದದ್ದು ಕೊಳ್ಳುವವರಿಗೆ ಶಕ್ತಿ ಇದೆಯಾ, ಹಳೇ ಹೊಣೆ ಪೂರ್ತಿ ಹೊರುತ್ತಾರಾ ಅನ್ನುವುದನ್ನು. ಆ ಹಂತಕ್ಕೆ ಎಲ್ಲ ಹಳೇ ಜಗಳ ತಂದು ಸೇರಿಸಿದರೆ ಮೂಲ ಪರೀಕ್ಷೆಯೇ ಬದಿಗೆ ಸರಿಯುತ್ತದೆ. ಆಗ ಪತ್ರಿಕೆಗಳ ತುಂಬ ರಾಯಲ್ಟಿ ಮಾತೇ ಇತ್ತು. ವೇದಾಂತಕ್ಕೆ ತೈಲ ತೆಗೆದ ಅನುಭವ ಎಷ್ಟಿದೆ ಅನ್ನುವ ಪ್ರಶ್ನೆ ಅದರ ಮುಂದೆ ಸಣ್ಣದಾಗಿ ಹೋಯಿತು.

ಆ ಮೂಲ ಪರೀಕ್ಷೆ ಮಾಡದಿದ್ದರೆ ಏನಾಗುತ್ತದೆ ಅಂತ ಆಸ್ಟ್ರೇಲಿಯಾ ಅನುಭವಿಸಿದೆ. ಡಾರ್ವಿನ್ ನಗರದಿಂದ ಸುಮಾರು 550 ಕಿಲೋಮೀಟರ್ ದೂರದ ತಿಮೋರ್ ಸಮುದ್ರದಲ್ಲಿ ಲ್ಯಾಮಿನೇರಿಯಾ, ಕೊರಲಿನಾ ಅನ್ನುವ ಎರಡು ತೈಲಕ್ಷೇತ್ರಗಳಿದ್ದವು. ಅಲ್ಲಿ ನಾರ್ದರ್ನ್ ಎಂಡೆವರ್ ಅನ್ನುವ ದೊಡ್ಡ ಹಡಗು ಲಂಗರು ಹಾಕಿ ನಿಂತು ತೈಲ ಎತ್ತುತ್ತಿತ್ತು. ಮಾಲೀಕ ವುಡ್‌ಸೈಡ್, ಆ ದೇಶದ ದೊಡ್ಡ ಕಂಪನಿ. ಬಾವಿಗಳು ಬರಿದಾಗುತ್ತಾ ಬಂದ ಹೊತ್ತಿಗೆ, 2016ರ ಸುಮಾರಿಗೆ, ಅದು ಎಲ್ಲವನ್ನೂ ಒಂದು ಚಿಕ್ಕ ಕಂಪನಿಗೆ ಮಾರಿತು. 2019ರ ಜುಲೈನಲ್ಲಿ ಹಡಗು ತುಕ್ಕು ಹಿಡಿದಿದೆ, ಅಪಾಯ ಇದೆ ಅಂತ ಸುರಕ್ಷತಾ ಸಂಸ್ಥೆ ಕೆಲಸ ನಿಲ್ಲಿಸಿತು. ಉತ್ಪಾದನೆ ನಿಂತರೆ ಆದಾಯ ಇಲ್ಲ. 2020ರ ಆರಂಭದಲ್ಲಿ ಆ ಚಿಕ್ಕ ಕಂಪನಿ ಬಾಗಿಲು ಹಾಕಿತು.

ತೈಲ ಬಾವಿಯನ್ನು ಹಾಗೇ ಬಿಟ್ಟು ಬರಲು ಆಗುವುದಿಲ್ಲ. ಸಿಮೆಂಟ್ ತುಂಬಿ ಮುಚ್ಚಬೇಕು, ಸಮುದ್ರದ ತಳದ ಪೈಪ್ ಕೀಳಬೇಕು, ಹಡಗು ಎಳೆದುಕೊಂಡು ಹೋಗಿ ಒಡೆಯಬೇಕು. ತೈಲ ಹರಿಯುವಾಗ ಬಂದ ಲಾಭ ಯಾವತ್ತೋ ಹಂಚಿಹೋಗಿರುತ್ತದೆ. ಮುಚ್ಚುವ ಖರ್ಚು ಕೊನೆಗೆ ಉಳಿಯುತ್ತದೆ. ಹಾಗಾಗಿ ಮುದಿ ತೈಲಕ್ಷೇತ್ರಗಳು ದೊಡ್ಡವರ ಕೈಯಿಂದ ಚಿಕ್ಕವರ ಕೈಗೆ ಜಾರುವುದು ಈ ಉದ್ಯಮದಲ್ಲಿ ಮಾಮೂಲು. ಕೊನೆಗೆ ಆಸ್ಟ್ರೇಲಿಯಾ ಸರ್ಕಾರವೇ ಹಡಗನ್ನು ಸುಪರ್ದಿಗೆ ತೆಗೆದುಕೊಳ್ಳಬೇಕಾಯಿತು. ಖರ್ಚು ತುಂಬಿಸಿಕೊಳ್ಳಲು ಕಡಲಿನಿಂದ ತೈಲ, ಅನಿಲ ತೆಗೆಯುವ ಎಲ್ಲ ಕಂಪನಿಗಳ ಮೇಲೂ ಬ್ಯಾರೆಲ್‌ಗೆ 48 ಸೆಂಟ್‌ನಂತೆ ಕರ ಹಾಕಿತು. 2021ರಲ್ಲಿ ಕಾನೂನನ್ನೇ ಬದಲಿಸಿತು. ಈಗ ಲೈಸೆನ್ಸ್ ಹೊಂದಿದ ಕಂಪನಿಯಲ್ಲಿ ಶೇ 20 ಅಥವಾ ಹೆಚ್ಚಿನ ಹಿಡಿತ ಯಾರಿಗೆ ಹೋದರೂ ಮೊದಲೇ ಒಪ್ಪಿಗೆ ಪಡೆಯಬೇಕು. ಹೊಸ ಮಾಲೀಕ ಕೈ ಎತ್ತಿದರೆ ಹಳೇ ಮಾಲೀಕನನ್ನು ಕರೆದು ಸ್ವಚ್ಛ ಮಾಡಿಸುವ ಅಧಿಕಾರವನ್ನೂ ಸರ್ಕಾರ ಇಟ್ಟುಕೊಂಡಿದೆ. ಶೇ 20ರ ಈ ಗೆರೆ ನನಗೆ ತುಂಬಾ ಹಿಡಿಸುತ್ತದೆ. ಯಾಕೆಂದರೆ ಕಂಪನಿಯನ್ನು ನಡೆಸಲು ಶೇ 51 ಬೇಕಾಗಿಲ್ಲ, ಅಲ್ವಾ?

ಬ್ರಿಟನ್ನಿನಲ್ಲಿ ಮೊದಲು ಬೇರೆ ಪದ್ಧತಿ ಇತ್ತು. ಯಜಮಾನಿಕೆ ಬದಲಾದ ಮೇಲೆ ನಿಯಂತ್ರಕರಿಗೆ ಸರಿ ಕಾಣದಿದ್ದರೆ ಮತ್ತೆ ಬದಲಿಸಿ ಅಂತ ಹೇಳಬಹುದಿತ್ತು, ಕೇಳದಿದ್ದರೆ ಲೈಸೆನ್ಸ್ ಕಿತ್ತುಕೊಳ್ಳಬಹುದಿತ್ತು. ಕೇಳಲು ಖಡಕ್ ಅನ್ನಿಸುತ್ತದೆ. ಆದರೆ ದುಡ್ಡು ಕೈ ಬದಲಾಗಿ, ನೌಕರರು ಹೊಸ ಕಂಪನಿಗೆ ಹೋಗಿ, ಸಾಲ ಕೊಟ್ಟ ಬ್ಯಾಂಕ್ ಸಹಿ ಹಾಕಿದ ಮೇಲೆ ಲೈಸೆನ್ಸ್ ಕಿತ್ತುಕೊಳ್ಳುವ ಧೈರ್ಯ ಯಾವ ಅಧಿಕಾರಿಗೆ ಬರುತ್ತದೆ? 2023ರ ಎನರ್ಜಿ ಕಾಯ್ದೆ ಇದನ್ನು ತಿರುಗಿಸಿತು. ಈಗ ಕನಿಷ್ಠ ಮೂರು ತಿಂಗಳು ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ನಾರ್ವೆ ತನ್ನ ಪೆಟ್ರೋಲಿಯಂ ಕಾಯ್ದೆಯಲ್ಲಿ ಮುಂಚಿನಿಂದಲೂ ಷೇರಿನ ಮೂಲಕ ಹಿಡಿತ ಬದಲಾಗುವುದನ್ನೂ ಲೈಸೆನ್ಸ್ ವರ್ಗಾವಣೆ ಅಂತಲೇ ನೋಡುತ್ತದೆ.

ಒಪ್ಪಿಗೆ ಕೊಟ್ಟಾಕ್ಷಣ ಎಲ್ಲ ಮುಗಿಯಿತು ಅನ್ನುವ ಹಾಗೂ ಇಲ್ಲ. ಎಸ್ಸಾರ್ ಆಯಿಲ್‌ ಕಂಪನಿಯನ್ನು ರಷ್ಯಾದ ರೋಸ್‌ನೆಫ್ಟ್ ಮತ್ತು ಇನ್ನಿಬ್ಬರು ಹೂಡಿಕೆದಾರರು ಸೇರಿ 1,290 ಕೋಟಿ ಡಾಲರ್ ವ್ಯವಹಾರದಲ್ಲಿ ಕೊಂಡರು. 2017ರಲ್ಲಿ ಅದು ಮುಗಿಯಿತು. ಆಮೇಲೆ ಹೆಸರು ನಯಾರಾ ಆಯಿತು. ಗುಜರಾತಿನ ವಾಡಿನಾರ್‌ನಲ್ಲಿ ರಿಫೈನರಿ, ದೇಶದ ತುಂಬ 6,000ಕ್ಕೂ ಹೆಚ್ಚು ಬಂಕ್. ಎಂಟು ವರ್ಷ ಕಳೆದು 2025ರ ಜುಲೈ 18ರಂದು ಯುರೋಪಿಯನ್ ಒಕ್ಕೂಟ ನಯಾರಾ ಮೇಲೆ ನಿರ್ಬಂಧ ಹಾಕಿತು. ಕಾರಣ ಅದರಲ್ಲಿ ರೋಸ್‌ನೆಫ್ಟ್‌ಗೆ ಇರುವ ಶೇ 49ರಷ್ಟು ಪಾಲು. ಮೈಕ್ರೋಸಾಫ್ಟ್ ತನ್ನ ಸೇವೆ ನಿಲ್ಲಿಸಿದ್ದರಿಂದ ಕಂಪನಿ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು, ಆಮೇಲೆ ಸೇವೆ ವಾಪಸ್ ಬಂತು. ಬಂಕಿನಲ್ಲಿ ಡೀಸೆಲ್ ಹಾಕುವ ಹುಡುಗನಿಗೂ, ರಷ್ಯಾ-ಉಕ್ರೇನ್ ಯುದ್ಧಕ್ಕೂ ಏನು ಸಂಬಂಧ? ಷೇರುಪಟ್ಟಿಯ ಮೂಲಕ ಸಂಬಂಧ ಇತ್ತು. 2020ರ ಏಪ್ರಿಲ್‌ನಲ್ಲಿ ನಮ್ಮ ಸರ್ಕಾರವೂ ಒಂದು ನಿಯಮ ತಂದಿತು. ಭಾರತದ ಜೊತೆ ಭೂಗಡಿ ಇರುವ ದೇಶಗಳಿಂದ ಹೂಡಿಕೆ ಬಂದರೆ ಸರ್ಕಾರದ ಒಪ್ಪಿಗೆ ಕಡ್ಡಾಯ ಅಂತ ಮಾಡಿತು. ನೇರ ಮಾಲೀಕ ಬೇರೆ ದೇಶದವನಾಗಿದ್ದು, ಹಿಂದಿರುವ ನಿಜವಾದ ಮಾಲೀಕ ಗಡಿ ದೇಶದವನಾದರೂ ಇದು ಅನ್ವಯ ಅಂದಿತು. ಅಂದರೆ ಮೇಲಿನ ಕಂಪನಿಯ ತನಕ ಏರಿ ನೋಡುವ ಪದ್ಧತಿ ನಮಗೆ ಹೊಸದಲ್ಲ, ಬೇಕು ಅನಿಸಿದ ಕಡೆ ಮಾಡಿದ್ದೇವೆ.

ಈಗ ನಮ್ಮ ಬೀದಿಯ ಪೈಪ್‌ಗೆ ಬರೋಣ. ನಗರ ಗ್ಯಾಸ್ ಲೈಸೆನ್ಸ್ ಕೊಡುವುದು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ. 2006ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಇದು. ಹರಾಜಿನಲ್ಲಿ ಗೆದ್ದ ಕಂಪನಿ ಇಷ್ಟು ವರ್ಷದಲ್ಲಿ ಇಷ್ಟು ಮನೆಗೆ ಕನೆಕ್ಷನ್, ಇಷ್ಟು ಸಿಎನ್‌ಜಿ ಬಂಕ್, ಇಷ್ಟುದ್ದ ಉಕ್ಕಿನ ಪೈಪ್ ಅಂತ ವರ್ಷವಾರು ಮಾತು ಕೊಟ್ಟಿರುತ್ತದೆ. ಆ ಮಾತಿಗೆ ಬ್ಯಾಂಕ್ ಗ್ಯಾರಂಟಿ ಇಟ್ಟಿರುತ್ತದೆ. ತಪ್ಪಿದರೆ ಮಂಡಳಿ ಅದನ್ನು ವಸೂಲಿ ಮಾಡಬಹುದು. ಪ್ರತಿಯಾಗಿ ಕಂಪನಿಗೆ ಸಿಗುವುದು ಏಕಸ್ವಾಮ್ಯ: ಪೈಪ್ ಜಾಲ ಹಾಕಲು 25 ವರ್ಷ, ಗ್ಯಾಸ್ ಮಾರಲು 8 ವರ್ಷ. ಕೆಲಸ ಚೆನ್ನಾಗಿ ಮಾಡಿದರೆ ಮಾರಾಟದ ಹಕ್ಕು ಇನ್ನೆರಡು ವರ್ಷ ಮುಂದಕ್ಕೆ ಹೋಗಬಹುದು. ಅಷ್ಟು ವರ್ಷ ಬೇರೆ ಕಂಪನಿಯ ಪೈಪ್ ನಮ್ಮ ಬೀದಿಗೆ ಬರುವಂತಿಲ್ಲ. ಗ್ರಾಹಕರಿಗೆ ಆಯ್ಕೆ ಇಲ್ಲದ ಕಡೆ ಮಾಲೀಕ ಯಾರು ಅನ್ನುವುದಕ್ಕೆ ಬೆಲೆ ಜಾಸ್ತಿ. ಸೋಪು ಮಾರುವ ಕಂಪನಿ ಕೈ ಬದಲಾದರೆ ಇನ್ನೊಂದು ಸೋಪು ತರಬಹುದು. ಪೈಪ್ ಗ್ಯಾಸ್‌ನಲ್ಲಿ ಅದು ಸಾಧ್ಯವಿಲ್ಲ.

ಈ ಕ್ಷೇತ್ರದಲ್ಲಿ ಕಂಪನಿಗಳು ಒಂದಾಗುವುದು ಇನ್ನೂ ಹೆಚ್ಚಲಿದೆ. ನಮ್ಮ ರಾಜ್ಯದಲ್ಲೇ ಚಿತ್ರದುರ್ಗ-ದಾವಣಗೆರೆಯ ಲೈಸೆನ್ಸ್ ಇದ್ದ ಯೂನಿಸನ್ ಎನ್ವಿರೋ ಕಂಪನಿಯನ್ನು ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್ ಕೊಂಡಿತು. ಮಂಡ್ಯದ ಪಕ್ಕದ ರಾಮನಗರದ ಲೈಸೆನ್ಸ್ ಇರುವುದೂ ಅದೇ ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್ ಕೈಯಲ್ಲಿ. ಪೈಪ್ ಹಾಕಲು ಮೊದಲ ವರ್ಷಗಳಲ್ಲಿ ರಾಶಿ ದುಡ್ಡು ಬೇಕು, ಆದಾಯ ನಿಧಾನವಾಗಿ ಬರುತ್ತದೆ. ಚಿಕ್ಕವರು ದಣಿಯುತ್ತಾರೆ, ದೊಡ್ಡವರು ಕೊಳ್ಳುತ್ತಾರೆ. ಹಲವು ಸಲ ಗ್ರಾಹಕರಿಗೆ ಇದರಿಂದ ಒಳ್ಳೆಯದೇ ಆಗುತ್ತದೆ. ನಿಂತುಹೋದ ಕೆಲಸ ಮತ್ತೆ ಶುರುವಾಗುತ್ತದೆ.

ಸ್ಪರ್ಧಾ ಆಯೋಗ ನೋಡುತ್ತದಲ್ಲ, ಸಾಲದಾ ಅಂತ ಕೇಳುವವರಿದ್ದಾರೆ. ಸಾಲದು. ದೊಡ್ಡ ವಿಲೀನಗಳನ್ನು ಆ ಆಯೋಗ ನೋಡುವುದು ಸ್ಪರ್ಧೆ ಕಡಿಮೆಯಾಗುತ್ತದಾ ಅನ್ನುವ ಕಣ್ಣಿನಿಂದ. ಒಂದೊಂದು ಜಿಲ್ಲೆಯಲ್ಲಿ ಒಂದೊಂದೇ ಕಂಪನಿ ಇರುವ ವ್ಯವಹಾರದಲ್ಲಿ ಇಬ್ಬರು ಸೇರಿದರೆ ಕಾಗದದ ಮೇಲೆ ಸ್ಪರ್ಧೆ ಕಡಿಮೆಯಾಗುವುದೇ ಇಲ್ಲ, ಯಾಕೆಂದರೆ ಇರಲೇ ಇಲ್ಲ. ನಂಜನಗೂಡಿಗೆ ಎಷ್ಟು ಕಿಲೋಮೀಟರ್ ಪೈಪ್ ಬಾಕಿ ಇದೆ, ಮಳವಳ್ಳಿಯಲ್ಲಿ ಬಂಕ್ ಯಾವಾಗ ಅನ್ನುವುದು ಆ ಆಯೋಗದ ಕೆಲಸವಲ್ಲ. ಅದು ಪೆಟ್ರೋಲಿಯಂ ಮಂಡಳಿಯ ಕೆಲಸ, ಅಲ್ಲಿಯೇ ಗಟ್ಟಿಯಾಗಿ ಆಗಬೇಕು.

ಹಳೇ ಮಾತು ಅಂದರೆ ಏನು ಅಂತ ತಿಳಿಯಲು ರಸ್ತೆ ಬದಿಯ ಗುರುತು ಕಂಬ ನೋಡಿದರೆ ಸಾಕು. ಇಲ್ಲಿ ಕೆಳಗೆ ಗ್ಯಾಸ್ ಪೈಪ್ ಇದೆ, ಅಗೆಯುವ ಮೊದಲು ಈ ನಂಬರ್‌ಗೆ ಫೋನ್ ಮಾಡಿ ಅಂತ ಬರೆದಿರುತ್ತದೆ. ಜೆಸಿಬಿ ಹಲ್ಲು ಪೈಪ್‌ಗೆ ತಾಗಿ ಗ್ಯಾಸ್ ಸುಯ್ ಅನ್ನುವಾಗ ಜನ ನೋಡುವುದು ಆ ನಂಬರನ್ನು. ಕಂಪನಿ ಹೆಸರು ಬದಲಾದ ಮೇಲೂ ಆ ಫೋನನ್ನು ಯಾರಾದರೂ ಎತ್ತಬೇಕು, ಎತ್ತಿದವರು ವಾಲ್ವ್ ಎಲ್ಲಿದೆ ಅಂತ ಗೊತ್ತಿರುವವರಾಗಿರಬೇಕು. ಪೈಪ್ ಎಷ್ಟು ಆಳದಲ್ಲಿ, ಯಾವ ತಿರುವಿನಲ್ಲಿ ಇದೆ ಅನ್ನುವ ನಕ್ಷೆ ಹೊಸಬರ ಕೈಗೆ ಪೂರ್ತಿ ಸಿಕ್ಕಿರಬೇಕು. ಲೈಸೆನ್ಸ್ ವರ್ಗಾವಣೆಯ ಕಡತದಲ್ಲಿ ಇದು ಒಂದು ಸಾಲಿಗೂ ಬಾರದೆ ಹೋಗಬಹುದು. ಬೀದಿಯಲ್ಲಿ ಇರುವವರಿಗೆ ಇದೇ ಮುಖ್ಯ.

ಇನ್ನೊಂದು ಹೊಣೆ ರಸ್ತೆಯದು. 2022ರ ಆರಂಭದಲ್ಲಿ ಪೈಪ್ ಗ್ಯಾಸ್‌ಗಾಗಿ ಮೈಸೂರಿನ ರಸ್ತೆ ಅಗೆಯುವ ವಿಚಾರಕ್ಕೆ ಸಂಸದರಿಗೂ ಶಾಸಕರಿಗೂ ಬಹಿರಂಗವಾಗಿಯೇ ಜಟಾಪಟಿ ನಡೆದಿತ್ತು. ಈಗಷ್ಟೇ ಮಾಡಿದ ರಸ್ತೆ ಹಾಳಾಗುತ್ತದೆ ಅನ್ನುವುದು ಒಂದು ಕಡೆಯ ಮಾತು, ಅಗ್ಗದ ಗ್ಯಾಸ್ ಮನೆಗೆ ಬರುತ್ತದೆ ಅನ್ನುವುದು ಇನ್ನೊಂದು ಕಡೆಯದು. ಆ ಜಗಳದ ತಿರುಳು ಗುಂಡಿ ಮುಚ್ಚುವವರು ಯಾರು ಅನ್ನುವುದೇ ಆಗಿತ್ತು. ಮಾತು ಕೊಟ್ಟವರು ಒಬ್ಬರು, ಗುಂಡಿ ಕುಸಿಯುವ ಹೊತ್ತಿಗೆ ಮಾಲೀಕರು ಇನ್ನೊಬ್ಬರು ಅಂತ ಆಗಬಾರದು. ಮನೆ ಕನೆಕ್ಷನ್‌ಗೆ ಕಟ್ಟಿದ, ವಾಪಸ್ ಬರಬೇಕಾದ ಠೇವಣಿಯ ಲೆಕ್ಕವೂ ಇದರಲ್ಲೇ ಬರುತ್ತದೆ.

ಹಾಗಾದರೆ ಏನು ಬೇಕು? ಒಪ್ಪಿಗೆ ವ್ಯವಹಾರಕ್ಕಿಂತ ಮೊದಲೇ ಆಗಬೇಕು, ಅಮ್ಮ ಕಂಪನಿ ಬದಲಾದರೂ ಆಗಬೇಕು. ಅರ್ಜಿ ತೀರ್ಮಾನಕ್ಕೆ ಗಡುವು ಇರಬೇಕು, ಕೇರ್ನ್ ಥರ ತಿಂಗಳುಗಟ್ಟಲೆ ಎಳೆಯಬಾರದು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು, ಒಪ್ಪಿಗೆ ಆದೇಶವನ್ನು ಆ ಜಿಲ್ಲೆಯ ಜನ ಓದುವ ಭಾಷೆಯಲ್ಲಿ ಪ್ರಕಟಿಸಬೇಕು ಅನ್ನುವುದು. ಹೊಸ ಮಾಲೀಕ ಯಾರು, ಹಳೇ ಗುರಿಯಲ್ಲಿ ಎಷ್ಟು ಮುಗಿದಿದೆ, ಎಷ್ಟು ಬಾಕಿ ಇದೆ, ಬಾಕಿಗೆ ಬ್ಯಾಂಕ್ ಗ್ಯಾರಂಟಿ ಯಾರ ಹೆಸರಿನಲ್ಲಿದೆ. ಒಂದು ಪುಟ ಸಾಕು, ಕನ್ನಡದಲ್ಲಿ. ವ್ಯಾಪಾರದ ಗುಟ್ಟು ಹೊರಬೀಳುತ್ತದೆ ಅನ್ನುವ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಕೊಂಡ ಬೆಲೆ ಎಷ್ಟು ಅಂತ ನಾವು ಕೇಳುತ್ತಿಲ್ಲ.

ದೆಹಲಿಯ ನಿಯಮ ಬದಲಾಗುವ ತನಕ ಕಾಯದೆ ಇಲ್ಲೇ ಮಾಡಬಹುದಾದ ಕೆಲಸವೂ ಇದೆ. ರಸ್ತೆ ಅಗೆಯಲು ಒಪ್ಪಿಗೆ ಕೊಡುವುದು ಮೈಸೂರು ಮಹಾನಗರ ಪಾಲಿಕೆ, ಮಂಡ್ಯ ನಗರಸಭೆಯಂಥ ಸ್ಥಳೀಯ ಸಂಸ್ಥೆಗಳು. ಆ ಒಪ್ಪಿಗೆ ಪತ್ರದಲ್ಲಿ ಒಂದು ಷರತ್ತು ಸೇರಿಸಬಹುದು: ಕಂಪನಿಯ ಹಿಡಿತ ಬೇರೆಯವರಿಗೆ ಹೋದರೆ 30 ದಿನದೊಳಗೆ ತಿಳಿಸಬೇಕು, ರಸ್ತೆ ದುರಸ್ತಿಯ ಠೇವಣಿ ಮತ್ತು ಪೈಪ್ ನಕ್ಷೆಯನ್ನು ಹೊಸ ಹೆಸರಿನಲ್ಲಿ ಮತ್ತೆ ಸಲ್ಲಿಸಬೇಕು, ತಿಳಿಸುವ ತನಕ ಹೊಸದಾಗಿ ಅಗೆಯಲು ಒಪ್ಪಿಗೆ ಇಲ್ಲ. ಹಳೇ ಹೆಸರಿನಲ್ಲಿ ಕೊಟ್ಟ ಒಪ್ಪಿಗೆ ಪತ್ರಗಳನ್ನು ತೆಗೆದು ನೋಡಿ, ಹೊಸ ಕಂಪನಿಯಿಂದ ಆ ಹೊಣೆಯನ್ನು ಬರವಣಿಗೆಯಲ್ಲಿ ಪಡೆಯುವ ಕೆಲಸವನ್ನು ಎಂಜಿನಿಯರಿಂಗ್ ವಿಭಾಗ ಈಗಲೇ ಶುರು ಮಾಡಬಹುದು.